ಐದನೆಯ ಪದ ಎಲ್ಲಿಗೆ ಸೇರಬೇಕು?

ಪ್ರಶ್ನೆ: ನಾನು ಕೆಲಸಕ್ಕಾಗಿ ದಿನವೂ ಡೊಂಬಿವಲಿಯಿಂದ ದಾದರಿಗೆ ಲೋಕಲ್ ಗಾಡಿಯಲ್ಲಿ ಹೋಗಿಬರುತ್ತೇನೆ. ಆ ಹೊತ್ತಿನಲ್ಲಿ ಮೊಬೈಲಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ‘ಕನೆಕ್ಷನ್ಸ್’ ಎಂಬ ಪದಗಳ ಒಗಟನ್ನು ಬಿಡಿಸುವ ಅಭ್ಯಾಸವಾಗಿದೆ. ಒಂದು ಗುಂಪು ಬೇಗ ಸಿಗುತ್ತದೆ. ಅನಂತರ ‘ಒಂದೇ ಒಂದು ಪದ ತಪ್ಪಿದೆ’ ಎಂಬ ಸೂಚನೆ ಮೇಲಿಂದ ಮೇಲೆ ಬಂದು ನಾಲ್ಕು ಅವಕಾಶಗಳೂ ಮುಗಿದುಹೋಗುತ್ತವೆ. ನನ್ನ ಸೊಸೆ ಅದನ್ನೇ ತಪ್ಪಿಲ್ಲದೆ ಮುಗಿಸುತ್ತಾಳೆ. ನನ್ನ ಇಂಗ್ಲಿಷ್ ಸಾಲದೆಂದು ಹೀಗಾಗುತ್ತಿದೆಯೇ, ಅಥವಾ ಬಿಡಿಸುವುದಕ್ಕೆ ಕ್ರಮವೆಂಬುದು ಇದೆಯೇ? ನಮ್ಮ ಕನ್ನಡ ಸಂಘದ ಮಹಿಳಾ ವಿಭಾಗಕ್ಕಾಗಿ ಇಂಥದೊಂದನ್ನು ಕನ್ನಡದಲ್ಲಿ ರಚಿಸಲು ಸಾಧ್ಯವೇ?

ಉತ್ತರ: ಒಂದು ಗುಂಪು ಬೇಗ ಸಿಗುತ್ತದೆ, ಮುಂದಿನ ಪ್ರಯತ್ನಗಳಲ್ಲಿ ಒಂದೇ ಪದ ತಪ್ಪುತ್ತದೆ ಎಂದು ನೀವೇ ಬರೆದಿದ್ದೀರಿ. ಪದಗಳ ಅರ್ಥ ಗೊತ್ತಿಲ್ಲದವರಿಗೆ ಹೀಗಾಗುವುದಿಲ್ಲ. ಅವರ ಪ್ರಯತ್ನಗಳಲ್ಲಿ ಎರಡೆರಡು ಪದಗಳು ತಪ್ಪಿರುತ್ತವೆ. ನಾಲ್ಕರಲ್ಲಿ ಮೂರನ್ನು ಪದೇ ಪದೇ ಸರಿಯಾಗಿ ಹಿಡಿಯುವವರಿಗೆ ಗುಂಪು ಯಾವುದೆಂದು ತಿಳಿದಿದೆ, ಆ ಗುಂಪಿಗೆ ಹೊಂದುವಂತೆ ಕಾಣುವ ಐದನೆಯ ಪದ ಯಾವುದೆಂದು ಮಾತ್ರ ತಿಳಿದಿಲ್ಲ ಎಂದು ಅರ್ಥ. ಆದುದರಿಂದ ಇಂಗ್ಲಿಷಿನ ಚಿಂತೆಯನ್ನು ಬದಿಗಿಟ್ಟು ಬಿಡಿಸುವ ಅನುಕ್ರಮವನ್ನು ಬದಲಿಸಿಕೊಳ್ಳಿ.

ಆಟವನ್ನು ಅರಿಯದ ಓದುಗರಿಗಾಗಿ ನಿಯಮವನ್ನು ಚುಟುಕಾಗಿ ಹೇಳುತ್ತೇನೆ. ಹದಿನಾರು ಪದಗಳನ್ನು ನಾಲ್ಕು ಸಾಲುಗಳ ಚೌಕದಲ್ಲಿ ಕೊಟ್ಟಿರುತ್ತಾರೆ. ಒಂದೊಂದು ಗುಂಪಿನಲ್ಲಿ ನಾಲ್ಕು ಪದಗಳಂತೆ ಅವುಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಬೇಕು. ನಾಲ್ಕನೆಯ ತಪ್ಪಿಗೆ ಆಟ ಮುಗಿಯುತ್ತದೆ. ಸುಲಭವಾದ ಗುಂಪಿಗೆ ಹಳದಿ, ಅನಂತರದವುಗಳಿಗೆ ಹಸಿರು ಮತ್ತು ನೀಲಿ, ಎಲ್ಲಕ್ಕಿಂತ ಕುಟಿಲವಾದುದಕ್ಕೆ ನೇರಳೆ ಬಣ್ಣ. ಗುಂಪು ಸಿಕ್ಕ ಮೇಲೆಯೇ ಅದರ ಬಣ್ಣ ಕಾಣುವುದು. ವೈನಾ ಲಿಯು ಅವರ ಸಂಪಾದಕತ್ವದಲ್ಲಿ ಇದು 2023ರ ಜೂನ್ 12ರಂದು ಆರಂಭವಾಯಿತು. ಆದರೆ ಹದಿನಾರನ್ನು ನಾಲ್ಕು ನಾಲ್ಕಾಗಿ ಒಡೆಯುವ ಆಟ ಅದಕ್ಕಿಂತ ಹಳೆಯದು: ಬಿಬಿಸಿ ದೂರದರ್ಶನದಲ್ಲಿ 2008ರಿಂದ ನಡೆದುಬಂದಿರುವ ‘ಓನ್ಲಿ ಕನೆಕ್ಟ್’ ಎಂಬ ರಸಪ್ರಶ್ನೆ ಕಾರ್ಯಕ್ರಮದಲ್ಲಿ ಇಂಥ ಚೌಕವೊಂದನ್ನು ಎರಡೂವರೆ ನಿಮಿಷದಲ್ಲಿ ಬಿಡಿಸಬೇಕಾಗುತ್ತದೆ. ಅಲ್ಲಿ ಮೊದಲ ಎರಡು ಗುಂಪುಗಳು ಸಿಗುವವರೆಗೆ ಎಷ್ಟು ಬಾರಿ ಬೇಕಾದರೂ ಊಹಿಸಬಹುದು, ಆಮೇಲೆ ಮಾತ್ರ ಮೂರು ಅವಕಾಶಗಳ ಮಿತಿ. ನಿಮ್ಮ ಮೊಬೈಲಿನ ಆಟದಲ್ಲಿ ಗಡಿಯಾರವಿಲ್ಲ, ಆದರೆ ತಪ್ಪುಗಳ ಲೆಕ್ಕ ಮೊದಲ ಕ್ಷಣದಿಂದಲೇ ಶುರುವಾಗುತ್ತದೆ. ಹಾಗಿರುವಾಗ ಯೋಚಿಸಲು ಬೇಕಾದಷ್ಟು ಸಮಯ ತೆಗೆದುಕೊಂಡು ಒತ್ತುವುದರಲ್ಲಿ ಜಿಪುಣತನ ತೋರುವುದೇ ಸರಿಯಾದ ನೀತಿ. ಬಹುಮಂದಿ ಇದಕ್ಕೆ ವಿರುದ್ಧವಾಗಿ ಆಡುತ್ತಾರೆ.

ಊಹೆಯಿಂದ ಇದನ್ನು ಗೆಲ್ಲಲಾಗದೆಂಬುದಕ್ಕೆ ಗಣಿತವೇ ಸಾಕ್ಷಿ. ಹದಿನಾರು ಪದಗಳಿಂದ ನಾಲ್ಕನ್ನು ಆರಿಸುವ ಬಗೆಗಳು 1,820. ಅವುಗಳಲ್ಲಿ ಸರಿಯಾದವು ನಾಲ್ಕೇ. ಇಡೀ ಚೌಕವನ್ನು ನಾಲ್ಕು ಗುಂಪುಗಳಾಗಿ ಒಡೆಯುವ ಬಗೆಗಳು 26,27,625. ಒಂದು ಗುಂಪು ಸಿಕ್ಕ ಮೇಲೆ ಉಳಿದ ಹನ್ನೆರಡನ್ನು ಒಡೆಯುವ ಬಗೆಗಳು 5,775ಕ್ಕೆ ಇಳಿಯುತ್ತವೆ, ಎರಡು ಗುಂಪುಗಳು ಸಿಕ್ಕರೆ 35ಕ್ಕೆ. ಹೀಗೆ ನೋಡಿದರೆ ಹೇಗಾದರೂ ಮಾಡಿ ಎರಡು ಗುಂಪುಗಳನ್ನು ಗಳಿಸಿಕೊಂಡರೆ ಸಾಕೆನಿಸುವುದು ಸಹಜ. ತೊಡಕಿರುವುದು ಬೇರೆಡೆ. ಒಂದು ಗುಂಪಿಗೆ ಐದು ಪದಗಳು ಹೊಂದುವಂತಿದ್ದರೆ ಅವುಗಳಿಂದ ನಾಲ್ಕನ್ನು ಆರಿಸುವ ಬಗೆಗಳು ಐದು; ಅದೃಷ್ಟ ಕೈಕೊಟ್ಟರೆ ನಾಲ್ಕು ಬಾರಿ ತಪ್ಪಿ, ಸರಿಯಾದ ಐದನೆಯ ಆಯ್ಕೆಗೆ ಬರುವ ಮೊದಲೇ ಆಟ ಮುಗಿದಿರುತ್ತದೆ. ಆರು ಪದಗಳು ಹೊಂದುವಂತಿದ್ದರೆ ಬಗೆಗಳು ಹದಿನೈದಾಗುತ್ತವೆ. ನಿಮ್ಮ ನಾಲ್ಕು ಅವಕಾಶಗಳು ಸೋರಿಹೋಗುತ್ತಿರುವುದು ಇಲ್ಲಿಯೇ.

ಕನ್ನಡದ ಉದಾಹರಣೆಯಿಂದಲೇ ಇದನ್ನು ತೋರಿಸುವುದು ಒಳ್ಳೆಯದು. ನಿಮ್ಮ ಸಂಘಕ್ಕೂ ಉಪಯೋಗಕ್ಕೆ ಬರಲೆಂದು ರಚಿಸಿದ ಚೌಕ ಇದು:

ಕನಕ – ಸೋರೆ – ಪಂಚಮ – ಪುರಂದರ
ಗಾಂಧಾರ – ಟೊಮೆಟೊ – ವಿಜಯ – ಬದನೆ
ಬೆಂಡೆ – ಗೋಪಾಲ – ಮಧ್ಯಮ – ನಿಷಾದ
ಜಗನ್ನಾಥ – ಋಷಭ – ಗದಗ – ಹೀರೆ

ಮುಂದೆ ಓದುವ ಮೊದಲು ಸ್ವಲ್ಪ ಹೊತ್ತು ಇದನ್ನೇ ನೋಡಿ.

ಮೊದಲ ನೋಟಕ್ಕೆ ತರಕಾರಿಗಳು ಕಾಣುತ್ತವೆ: ಸೋರೆ, ಟೊಮೆಟೊ, ಬದನೆ, ಬೆಂಡೆ, ಹೀರೆ. ಅವು ಐದಿವೆ. ಸಂಗೀತ ಬಲ್ಲವರಿಗೆ ಸ್ವರಗಳು ಕಾಣುತ್ತವೆ: ಋಷಭ, ಗಾಂಧಾರ, ಮಧ್ಯಮ, ಪಂಚಮ, ನಿಷಾದ. ಅವೂ ಐದು. ಹರಿದಾಸರ ಹೆಸರುಗಳನ್ನು ಎಣಿಸಿದರೆ ಪುರಂದರ, ಕನಕ, ವಿಜಯ, ಗೋಪಾಲ, ಜಗನ್ನಾಥ, ಅವೂ ಐದು. ಲೋಕಲ್ ಗಾಡಿಯಲ್ಲಿ ಮೂವರ ಸೀಟಿಗೆ ಫೋರ್ತ್ ಸೀಟೆಂದು ಒಬ್ಬರು ಅಂಚಿನಲ್ಲಿ ಒತ್ತರಿಸಿ ಕುಳಿತ ಹಾಗೆ, ಇಲ್ಲಿ ಪ್ರತಿಯೊಂದು ಗುಂಪಿನಲ್ಲಿಯೂ ಒಂದು ಪದ ಹೆಚ್ಚಾಗಿ ಕುಳಿತಿದೆ. ಈ ಹಂತದಲ್ಲಿ ಯಾವ ನಾಲ್ಕನ್ನು ಒತ್ತಿದರೂ ಅದು ಊಹೆಯೇ. ನೀವು ಬಹುಶಃ ಇಲ್ಲಿಯೇ ಒತ್ತುತ್ತೀರಿ.

ಒತ್ತುವ ಬದಲು ಹದಿನಾರರಲ್ಲಿ ಯಾವ ಪದ ಒಂಟಿಯಾಗಿದೆ ಎಂದು ಹುಡುಕಿರಿ. ಗದಗ ತರಕಾರಿಯಲ್ಲ, ಸ್ವರವಲ್ಲ, ದಾಸರ ಹೆಸರಲ್ಲ. ಊರುಗಳ ಗುಂಪೊಂದು ಇರಬಹುದೇ ಎಂದು ನೋಡಿದರೆ ಗಾಂಧಾರ ಮಹಾಭಾರತದ ದೇಶ. ಪುಣೆಯ ಸುತ್ತಮುತ್ತ ಓಡಾಡುವ ನಮಗೆ ಪುರಂದರವೆಂದರೆ ದಾಸರಿಗಿಂತ ಮೊದಲು ಕೋಟೆಯೂ 1665ರ ಒಪ್ಪಂದವೂ ನೆನಪಾಗುವುದುಂಟು. ಆದರೆ ನಾಲ್ಕನೆಯ ಸ್ಥಳ ಸಿಗುವುದಿಲ್ಲ, ದಾರಿ ಅಲ್ಲಿಗೆ ಮುಚ್ಚುತ್ತದೆ. ಅರ್ಥದ ದಾರಿ ಮುಚ್ಚಿದಾಗ ಪದದ ರೂಪವನ್ನು ನೋಡಬೇಕು. ಗ-ದ-ಗ: ಹಿಂದಿನಿಂದ ಓದಿದರೂ ಅದೇ. ಈ ಗುಣವುಳ್ಳ ಇತರ ಪದಗಳಾವುವು? ಕನಕ, ಮಧ್ಯಮ, ಟೊಮೆಟೊ. ಮೂರು ಗುಂಪುಗಳಲ್ಲಿ ಹೆಚ್ಚಾಗಿದ್ದ ಒಂದೊಂದು ಪದವೂ ಇಲ್ಲಿಗೆ ಬಂದು ಸೇರಿತು, ಮೂರು ಗುಂಪುಗಳೂ ನಾಲ್ಕು ನಾಲ್ಕಾಗಿ ಉಳಿದವು. ಒಂದೂ ತಪ್ಪಿಲ್ಲದೆ ಚೌಕ ಬಿಡಿಸಿದಂತಾಯಿತು, ಅದೂ ಎಲ್ಲಕ್ಕಿಂತ ಕಠಿಣವಾದ ಗುಂಪನ್ನು ಮೊದಲು ಬಿಡಿಸಿದ್ದರಿಂದ.

ಸುಲಭದಿಂದ ಕಠಿಣಕ್ಕೆ ಹೋಗಬೇಕೆಂಬ ಶಾಲೆಯ ಪಾಠ ಈ ಒಗಟಿಗೆ ಅನ್ವಯಿಸುವುದಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ರಚಿಸುವವರು ಸುಲಭದ ಗುಂಪಿನೊಳಗೇ ಬಲೆ ಬೀಸಿರುತ್ತಾರೆ, ಏಕೆಂದರೆ ಕಣ್ಣು ಮೊದಲು ಹೋಗುವುದು ಅಲ್ಲಿಗೆ. ಆದರೆ ನೇರಳೆಯ ಗುಂಪಿನಲ್ಲಿ ಒಂದಾದರೂ ಪದ ಬೇರೆಲ್ಲಿಯೂ ನಿಲ್ಲದೆ ಒಂಟಿಯಾಗಿ ಉಳಿಯುವುದು ಬಹಳ ಸಲ ಕಂಡುಬರುತ್ತದೆ. ನಾಲ್ಕಕ್ಕೆ ನಾಲ್ಕನ್ನೂ ಬೇರೆ ಗುಂಪುಗಳ ವೇಷದಲ್ಲಿ ಅಡಗಿಸುವುದು ರಚಿಸುವವರಿಗೂ ಸುಲಭವಲ್ಲ. ಎಣಿಸಿದಾಗ ಸರಿಯಾಗಿ ನಾಲ್ಕೇ ಪದಗಳಿರುವ, ಅವುಗಳಲ್ಲಿ ಯಾವುದಕ್ಕೂ ಬೇರೆ ನಂಟು ತೋರದ ಗುಂಪು ಕಂಡರೆ ಅದನ್ನು ಒತ್ತಲು ಅಡ್ಡಿಯಿಲ್ಲ. ಐದಿದ್ದರೆ ಆ ಐದನೆಯದರ ಮನೆ ಸಿಗುವವರೆಗೆ ಕಾಯಬೇಕು.

ಗುಂಪಿನ ಹೆಸರನ್ನು ಎಷ್ಟು ಬಿಗಿಯಾಗಿ ಹೇಳುತ್ತೀರಿ ಎಂಬುದೂ ಮುಖ್ಯ. ‘ತರಕಾರಿ’ ಎಂಬ ಸಡಿಲ ಹೆಸರಿಗೆ ಟೊಮೆಟೊ ಒಳಗೆ ಬರುತ್ತದೆ. ‘ಕಾಯಿ ಸೇರಿಸಿ ಹೇಳುವಂಥವು’ ಎಂದು ಬಿಗಿಗೊಳಿಸಿದರೆ ಸೋರೆಕಾಯಿ, ಬದನೆಕಾಯಿ, ಬೆಂಡೆಕಾಯಿ, ಹೀರೆಕಾಯಿ ಉಳಿಯುತ್ತವೆ, ಟೊಮೆಟೊ ಹಣ್ಣಾಗಿ ಹೊರಗೆ ನಿಲ್ಲುತ್ತದೆ. ಕನೆಕ್ಷನ್ಸಿನ ಮೊಟ್ಟಮೊದಲ ಒಗಟಿನಲ್ಲಿಯೇ ಇದರ ಮಾದರಿಯಿದೆ. ಅಂದು ಹೇಲ್, ರೇನ್, ಸ್ಲೀಟ್, ಸ್ನೋ ಎಂಬ ಹವಾಮಾನದ ಪದಗಳ ನಡುವೆ ಹೀಟ್ ಎಂಬುದೂ ಇತ್ತು. ಹವಾಮಾನವೆಂದು ಸಡಿಲವಾಗಿ ಹೇಳಿಕೊಂಡವರಿಗೆ ಐದು ಪದಗಳು. ಆಕಾಶದಿಂದ ಸುರಿಯುವ ಒದ್ದೆ ಹವೆಯೆಂದು ಹೇಳಿಕೊಂಡವರಿಗೆ ನಾಲ್ಕೇ. ಹೀಟ್ ಸೇರಿದ್ದು ಬಕ್ಸ್, ಜಾಝ್, ನೆಟ್ಸ್ ಜೊತೆಗೆ, ಅಮೆರಿಕದ ಬಾಸ್ಕೆಟ್‌ಬಾಲ್ ತಂಡಗಳ ಗುಂಪಿಗೆ. ಆಪ್ಷನ್, ರಿಟರ್ನ್, ಶಿಫ್ಟ್, ಟ್ಯಾಬ್ ಕೀಲಿಮಣೆಯ ಗುಂಡಿಗಳು. ಕಯಾಕ್, ಲೆವೆಲ್, ಮಾಮ್, ರೇಸ್‌ಕಾರ್ ಇವು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಎರಡೂ ಕಡೆಯಿಂದ ಒಂದೇ ಆಗಿ ಓದಿಸಿಕೊಳ್ಳುವ ಪದಗಳು. ಬಾಸ್ಕೆಟ್‌ಬಾಲಿನ ಗಂಧಗಾಳಿಯಿಲ್ಲದವರೂ ಈ ಒಗಟನ್ನು ಬಿಡಿಸಬಹುದಿತ್ತು, ಏಕೆಂದರೆ ಉಳಿದ ಮೂರನ್ನು ಬಿಗಿಯಾಗಿ ಹೆಸರಿಸಿದರೆ ತಂಡಗಳು ತಾವಾಗಿಯೇ ಉಳಿದುಬಿಡುತ್ತವೆ. ಅಮೆರಿಕದ ತಿಂಡಿತಿನಿಸು, ಆಟ, ದೂರದರ್ಶನ ಧಾರಾವಾಹಿಗಳು ನಮಗೆ ತಿಳಿಯವೆಂಬ ಕೊರಗಿಗೆ ಇದಕ್ಕಿಂತ ಬೇರೆ ಪರಿಹಾರವಿಲ್ಲ. ಆ ಗುಂಪನ್ನು ಕೊನೆಗೆ ಉಳಿಸಿಕೊಳ್ಳಬೇಕು, ಅಷ್ಟೆ. ಬಿಬಿಸಿಯ ಕಾರ್ಯಕ್ರಮದಲ್ಲಿ ಗುಂಪು ಮಾಡಿದ್ದಕ್ಕೆ ಒಂದು ಅಂಕವಿದ್ದರೆ ಆ ಗುಂಪಿನ ಸಂಬಂಧವೇನೆಂದು ಹೇಳಿದ್ದಕ್ಕೆ ಇನ್ನೊಂದು ಅಂಕವಿದೆ. ಮೊಬೈಲಿನಲ್ಲಿ ಅದನ್ನು ಯಾರೂ ಕೇಳುವುದಿಲ್ಲವಾದುದರಿಂದ ನೀವೇ ಕೇಳಿಕೊಳ್ಳಬೇಕು: ಒತ್ತುವ ಮೊದಲು ಸಂಬಂಧವನ್ನು ಒಂದು ವಾಕ್ಯದಲ್ಲಿ ಹೇಳಲಾಗದಿದ್ದರೆ ಒತ್ತಕೂಡದು.

‘ಒಂದೇ ಪದ ತಪ್ಪು’ ಎಂಬ ಸೂಚನೆ ಬಂದಾಗ ಬಹುತೇಕರು ತಕ್ಷಣ ಒಂದನ್ನು ತೆಗೆದು ಇನ್ನೊಂದನ್ನು ಹಾಕಿ ಮತ್ತೆ ಒತ್ತುತ್ತಾರೆ. ಆಟದ ಆರಂಭದಲ್ಲಿ ಈ ಸೂಚನೆ ಬಂದರೆ ತೆಗೆಯಬಹುದಾದ ಪದಗಳು ನಾಲ್ಕು, ಹಾಕಬಹುದಾದವು ಹನ್ನೆರಡು; ಅಂದರೆ ನಲವತ್ತೆಂಟು ಬಗೆಗಳು. ಎಂಟೇ ಪದಗಳು ಉಳಿದಿರುವಾಗ ಬಂದರೂ ಹದಿನಾರು ಬಗೆಗಳಿವೆ. ಆದುದರಿಂದ ಈ ಸೂಚನೆಯನ್ನು ಇನ್ನೊಂದು ಯತ್ನಕ್ಕೆ ಕೊಟ್ಟ ಆಹ್ವಾನವೆಂದು ತಿಳಿಯಬೇಡಿ. ಅದು ಬಂದೊಡನೆ ಆ ಗುಂಪನ್ನು ಬಿಟ್ಟು ಬೇರೊಂದು ಗುಂಪಿಗೆ ಹೋಗಿ, ನೀವು ಹಾಕಿದ ನಾಲ್ಕರಲ್ಲಿ ಯಾವುದು ಅಲ್ಲಿ ಒಳ್ಳೆಯ ನೆಂಟನಾಗುತ್ತದೆ ಎಂದು ಹುಡುಕಿ.

ಬುದ್ಧಿವಂತರೂ ಒಂದೇ ಅರ್ಥಕ್ಕೆ ಅಂಟಿಕೊಳ್ಳುವುದೇಕೆ ಎಂಬುದನ್ನು ಮನೋವಿಜ್ಞಾನಿಗಳು ಚೆನ್ನಾಗಿ ಪರೀಕ್ಷಿಸಿದ್ದಾರೆ. 1942ರಲ್ಲಿ ಅಬ್ರಹಾಂ ಲೂಚಿನ್ಸ್ ಎಂಬವರು ಮೂರು ಪಾತ್ರೆಗಳಿಂದ ನೀರನ್ನು ಅಳೆಯುವ ಲೆಕ್ಕಗಳನ್ನು ಕೊಟ್ಟರು. ಮೊದಲಿನವೆಲ್ಲ ಒಂದೇ ಉದ್ದನೆಯ ಸೂತ್ರದಿಂದ ಬಿಡಿಸುವಂಥವು. ಅನಂತರ ಎರಡೇ ಪಾತ್ರೆಗಳಿಂದ ಥಟ್ಟನೆ ಮುಗಿಯುವ ಲೆಕ್ಕ ಬಂದಾಗಲೂ ಬಹುಮಂದಿ ಹಳೆಯ ಉದ್ದನೆಯ ದಾರಿಯನ್ನೇ ಹಿಡಿದರು. ಪದಗಳ ವಿಷಯದಲ್ಲಿ 1975ರಲ್ಲಿ ಕಾಲಿನ್ಸ್ ಮತ್ತು ಲಾಫ್ಟಸ್ ಮಂಡಿಸಿದ ಸಿದ್ಧಾಂತವೊಂದಿದೆ: ಒಂದು ಪದ ಮನಸ್ಸಿನಲ್ಲಿ ಎಚ್ಚರಗೊಂಡರೆ ಅದರ ನೆರೆಯ ಪದಗಳೂ ಅರ್ಧ ಎಚ್ಚರಗೊಳ್ಳುತ್ತವೆ. ಪಂಚಮ, ಗಾಂಧಾರ ಎಂದು ಓದಿದವರಿಗೆ ಮಧ್ಯಮ ಸ್ವರವಾಗಿ ಮಾತ್ರ ಕಾಣುವುದು ಈ ಕಾರಣದಿಂದ. ಮಧ್ಯಮ ವರ್ಗ, ಮಧ್ಯಮ ಪುರುಷ ಎಂಬ ಅದರ ಇತರ ಮುಖಗಳು ಆಗ ಮರೆಯಾಗುತ್ತವೆ. ಅದರ ಅಕ್ಷರಗಳಂತೂ ಕಣ್ಣಿಗೇ ಬೀಳುವುದಿಲ್ಲ. ಪದಗಳ ಸ್ಥಾನಗಳನ್ನು ಕಲೆಸುವ ಗುಂಡಿಯನ್ನು ಆಟದಲ್ಲಿ ಇಟ್ಟಿರುವುದು ಈ ಅಂಟನ್ನು ಬಿಡಿಸಲೆಂದೇ ಎಂದುಕೊಂಡು ಧಾರಾಳವಾಗಿ ಬಳಸಿ, ಅದಕ್ಕೆ ದಂಡವಿಲ್ಲ. ನಿಮಗೆ ಇನ್ನೂ ಒಂದು ಅನುಕೂಲವಿದೆ. ಡೊಂಬಿವಲಿಯಿಂದ ಠಾಣೆಯವರೆಗೆ ಚೌಕವನ್ನು ನೋಡಿ, ಏನನ್ನೂ ಒತ್ತದೆ ಮೊಬೈಲನ್ನು ಒಳಗಿಟ್ಟು ಅಕ್ಕಪಕ್ಕದವರೊಡನೆ ಮಾತಾಡಿ, ಘಾಟ್ಕೋಪರ್ ದಾಟಿದ ಮೇಲೆ ಮತ್ತೆ ತೆರೆಯಿರಿ. ನಡುವಿನ ವಿರಾಮದಲ್ಲಿ ಮೊದಲ ತಪ್ಪು ಅರ್ಥದ ಹಿಡಿತ ಸಡಿಲಗೊಂಡಿರುತ್ತದೆ.

ಇಂಗ್ಲಿಷ್ ಚೌಕಗಳಲ್ಲಿ ನೇರಳೆಯ ಗುಂಪು ಹೆಚ್ಚಾಗಿ ಕೆಲವೇ ಬಗೆಗಳಲ್ಲಿ ಬರುತ್ತದೆ. ನಾಲ್ಕೂ ಪದಗಳ ಹಿಂದೆ ಅಥವಾ ಮುಂದೆ ಒಂದೇ ಪದವನ್ನು ಸೇರಿಸಬಹುದು. ಪದದೊಳಗೆ ಬೇರೊಂದು ಪದ ಅಡಗಿರಬಹುದು. ಒಂದು ಅಕ್ಷರವನ್ನು ಕಳೆದರೆ ಅಥವಾ ಬದಲಿಸಿದರೆ ಹೊಸ ಪದವಾಗಬಹುದು. ಉಚ್ಚಾರಣೆಯಲ್ಲಿ ಬೇರೊಂದು ಪದದಂತೆ ಕೇಳಿಸಬಹುದು. ಕೊನೆಯ ಬಗೆ ನಮ್ಮನ್ನು ಹೆಚ್ಚು ಕಾಡುತ್ತದೆ. ಹೂಳುವುದಕ್ಕೆ ಇಂಗ್ಲಿಷಿನಲ್ಲಿರುವ ಪದವನ್ನು ನಮ್ಮಲ್ಲಿ ಅನೇಕರು ‘ಬರಿ’ ಎನ್ನುತ್ತೇವೆ, ಅಲ್ಲಿಯವರಿಗೆ ಅದು ಹಣ್ಣಿನ ‘ಬೆರಿ’ಯಂತೆಯೇ ಕೇಳಿಸುತ್ತದೆ. ನಿಮ್ಮ ಸೊಸೆ ನಿಮಗಿಂತ ಮುಂದಿರುವುದು ಬಹುಶಃ ಇಂಥ ಕಡೆಗಳಲ್ಲಿ ಮಾತ್ರ.

ಇನ್ನು ಕನ್ನಡದಲ್ಲಿ ರಚಿಸುವ ಮಾತು. ಖಂಡಿತ ಸಾಧ್ಯ, ಆದರೆ ಇಂಗ್ಲಿಷಿನ ಚೌಕವನ್ನು ಅನುವಾದಿಸಲು ಹೋಗಬೇಡಿ. ಅಕ್ಷರದಾಟಕ್ಕೆ ನಮ್ಮ ಘಟಕ ಬೇರೆ: ಮೇಲಿನ ಚೌಕದಲ್ಲಿ ‘ಧ್ಯ’ ಒಂದೇ ಅಕ್ಷರವಾದುದರಿಂದ ಮಧ್ಯಮ ಎರಡೂ ಕಡೆಯಿಂದ ಒಂದೇ ಆಯಿತು. ಗುಣಿತವನ್ನೂ ನೋಡಿಕೊಳ್ಳಬೇಕು. ಟೊಮೆಟೊ ಎಂದು ಬರೆದರೆ ಆಟ ನಿಲ್ಲುತ್ತದೆ, ಕೊನೆಯಲ್ಲಿ ದೀರ್ಘ ಕೊಟ್ಟು ಟೊಮೆಟೋ ಎಂದರೆ ಮುರಿಯುತ್ತದೆ. ಕಾಗುಣಿತದಲ್ಲಿ ಒಂದಕ್ಕಿಂತ ಹೆಚ್ಚು ರೂಪಗಳಿರುವ ಪದವನ್ನು ಇಂಥ ಗುಂಪಿನಲ್ಲಿ ಬಳಸುವುದಾದರೆ, ನಿಮ್ಮ ರೂಪವನ್ನು ಮೊದಲೇ ಸ್ಪಷ್ಟವಾಗಿ ಮುದ್ರಿಸಿ ಕೊಡಬೇಕು. ಕಿಟಕಿ, ನಯನ, ಸಮಾಸ, ಜಲಜ ಇವೂ ಇದೇ ಜಾತಿಯ ಪದಗಳು, ಇನ್ನೊಂದು ಚೌಕಕ್ಕೆ ಇಟ್ಟುಕೊಳ್ಳಬಹುದು. ಕನೆಕ್ಷನ್ಸಿನಲ್ಲಿ ಎಲ್ಲ ಪದಗಳನ್ನೂ ದೊಡ್ಡ ಅಕ್ಷರಗಳಲ್ಲಿಯೇ ಮುದ್ರಿಸುವುದರಿಂದ ಅಂಕಿತನಾಮ ಯಾವುದು, ಸಾಮಾನ್ಯ ನಾಮ ಯಾವುದು ಎಂಬ ಸುಳಿವು ಸಿಗುವುದಿಲ್ಲ. ಕನ್ನಡ ಲಿಪಿಯಲ್ಲಿ ದೊಡ್ಡ ಸಣ್ಣ ಅಕ್ಷರಗಳ ಭೇದವೇ ಇಲ್ಲದಿರುವುದರಿಂದ ವಿಜಯ, ಕನಕಗಳಂಥ ಪದಗಳು ಸಹಜವಾಗಿಯೇ ಎರಡು ಕಡೆ ವಾಲುತ್ತವೆ.

ನಮ್ಮ ಸಂಧಿಗಳು ರಚಿಸುವವರಿಗೆ ಒಂದು ಭಾಗ್ಯ. ಮಳೆ, ಚಳಿ, ಬರ, ಕೊನೆ ಎಂಬ ನಾಲ್ಕು ಪದಗಳನ್ನು ಕೊಟ್ಟರೆ ಮಳೆ ಮತ್ತು ಚಳಿ ಹವಾಮಾನದ ಕಡೆಗೆ ಎಳೆಯುತ್ತವೆ, ಬರ ಕಷ್ಟಗಳ ಕಡೆಗೆ ಎಳೆಯುತ್ತದೆ. ನಾಲ್ಕಕ್ಕೂ ‘ಕಾಲ’ವನ್ನು ಸೇರಿಸಿದರೆ ಕಕಾರ ಗಕಾರವಾಗಿ ಮಳೆಗಾಲ, ಚಳಿಗಾಲ, ಬರಗಾಲ, ಕೊನೆಗಾಲ ಎಂದಾಗುತ್ತದೆ. ಸೇರುವ ಪದ ತನ್ನ ಮೂಲರೂಪದಲ್ಲಿ ಬಾರದೆ ರೂಪ ಬದಲಿಸಿಕೊಂಡು ಬರುವುದರಿಂದ ಹುಡುಕುವವರ ಕೈಗೆ ಅದು ಬೇಗ ಸಿಗುವುದಿಲ್ಲ. ಇಂಗ್ಲಿಷಿನವರಿಗೆ ಈ ಸೌಲಭ್ಯ ಅಷ್ಟಾಗಿಲ್ಲ.

ರಚಿಸುವಾಗ ನೇರಳೆಯ ಗುಂಪಿನಿಂದ ಆರಂಭಿಸಿ. ಮೊದಲು ಒಂದು ಗುಟ್ಟಿನ ಸಂಬಂಧವನ್ನು ಹಿಡಿದು ಅದಕ್ಕೆ ಹೊಂದುವ ಹತ್ತಾರು ಪದಗಳನ್ನು ಬರೆದಿಟ್ಟುಕೊಳ್ಳಿ. ಅವುಗಳಲ್ಲಿ ಬೇರೆ ಅರ್ಥದಲ್ಲಿಯೂ ಬಲವಾಗಿ ನಿಲ್ಲುವ ಮೂರನ್ನು ಆರಿಸಿ, ಆ ಮೂರರ ಸುತ್ತ ಉಳಿದ ಮೂರು ಗುಂಪುಗಳನ್ನು ಕಟ್ಟಿ. ಮೇಲಿನ ಚೌಕವನ್ನು ಕಟ್ಟಿದ್ದು ಹೀಗೆಯೇ: ಕನಕನಿಂದಾಗಿ ದಾಸರು ಬಂದರು, ಮಧ್ಯಮದಿಂದಾಗಿ ಸ್ವರಗಳು, ಟೊಮೆಟೊದಿಂದಾಗಿ ಕಾಯಿಪಲ್ಯ. ಗದಗನ್ನು ಬೇಕೆಂದೇ ಒಂಟಿಯಾಗಿ ಬಿಟ್ಟೆ, ಬಿಡಿಸುವವರಿಗೆ ನ್ಯಾಯವಾದ ಒಂದು ಸುಳಿವಾದರೂ ಇರಬೇಕೆಂದು. ಕಟ್ಟಿದ ಮೇಲೆ ಎರಡನೆಯ ಪರಿಹಾರವೊಂದು ನುಸುಳಿಲ್ಲವೆಂದು ನೋಡಿಕೊಳ್ಳಬೇಕು. ಗದಗದ ಜಾಗದಲ್ಲಿ ನಾನು ಕಿಟಕಿಯನ್ನು ಇಟ್ಟಿದ್ದರೂ ನಡೆಯುತ್ತಿತ್ತು, ಆದರೆ ಊರುಗಳ ಸುಳ್ಳುದಾರಿ ತಪ್ಪಿಹೋಗುತ್ತಿತ್ತು.

ಮುಂಬಯಿಯಲ್ಲಿ ಇನ್ನೊಂದು ಎಚ್ಚರ ಬೇಕು. ನಮ್ಮ ಸಂಘಗಳಿಗೆ ಬರುವವರಲ್ಲಿ ಕರಾವಳಿಯವರಿದ್ದಾರೆ, ಧಾರವಾಡ ಬೆಳಗಾವಿಯ ಕಡೆಯವರಿದ್ದಾರೆ, ಇಲ್ಲಿಯೇ ಹುಟ್ಟಿ ಮರಾಠಿ ಹಿಂದಿಗಳ ನಡುವೆ ಬೆಳೆದವರಿದ್ದಾರೆ. ಮಾಟುಂಗದ ಮಾರುಕಟ್ಟೆಯಲ್ಲಿ ಭೇಂಡಿ, ದುಧಿ ಎಂದು ಕೇಳಿ ಕೊಳ್ಳುವ ಮಗಳಿಗೆ ಬೆಂಡೆ ಹೊಳೆಯಬಹುದು, ಸೋರೆ ಹೊಳೆಯದಿರಬಹುದು. ಅಂಥವಳಿಗೆ ನನ್ನ ಚೌಕದಲ್ಲಿ ಒಂಟಿಯಾಗಿ ಕಾಣುವುದು ಗದಗವಲ್ಲ, ಸೋರೆ. ಆಗ ಅವಳ ಹುಡುಕಾಟವೆಲ್ಲ ದಿಕ್ಕು ತಪ್ಪುತ್ತದೆ. ಆದುದರಿಂದ ಪ್ರಾದೇಶಿಕ ಪದಗಳಿರುವ ಗುಂಪನ್ನು ಚೌಕಕ್ಕೆ ಒಂದರಂತೆ ಮಾತ್ರ ಇಡಿ, ಉಳಿದ ಗುಂಪುಗಳನ್ನು ಎಲ್ಲರಿಗೂ ಸಮಾನವಾದ ವಿಷಯಗಳಿಂದ ಕಟ್ಟಿ. ಬಹುಭಾಷೆಯ ತೊಡಕನ್ನೇ ಆಟವಾಗಿಸಲೂಬಹುದು: ಕಲ್ಯಾಣ, ಠಾಣೆ, ಖಾರ, ದಾದರ ಎಂಬಂಥ ಪದಗಳಲ್ಲಿ ಕೆಲವು ಕನ್ನಡದ ಮಾತುಗಳಾಗಿಯೂ ಓದಿಸಿಕೊಳ್ಳುತ್ತವೆ, ರೈಲು ನಿಲ್ದಾಣಗಳಾಗಿಯೂ ಓದಿಸಿಕೊಳ್ಳುತ್ತವೆ. ನಿಮ್ಮ ಸದಸ್ಯರು ಲೋಕಲ್ ಹತ್ತುವವರಾದುದರಿಂದ ಅವರು ಯಾವ ಅರ್ಥವನ್ನು ಮೊದಲು ಹಿಡಿಯುತ್ತಾರೆಂದು ನೋಡುವುದೇ ಒಂದು ಮೋಜು.

ಸಭೆಯಲ್ಲಿ ಇಡುವ ಮೊದಲು ಚೌಕವನ್ನು ಕನಿಷ್ಠ ಇಬ್ಬರಿಗೆ ಕೊಟ್ಟು ಬಿಡಿಸಿ ನೋಡಿ, ಒಬ್ಬರು ಹಿರಿಯರು, ಒಬ್ಬರು ಇಲ್ಲಿಯೇ ಹುಟ್ಟಿ ಬೆಳೆದವರು. ಅವರು ಬಿಡಿಸುವಾಗ ಪಕ್ಕದಲ್ಲಿ ಕುಳಿತು ಸುಳಿವು ಕೊಡಬೇಡಿ. ಅವರು ತಪ್ಪಾಗಿ ಸೇರಿಸಿದ ಗುಂಪುಗಳನ್ನು ಮಾತ್ರ ಬರೆದುಕೊಳ್ಳಿ. ಇಬ್ಬರೂ ಒಂದೇ ಕಡೆ ತಪ್ಪಿ ಆಮೇಲೆ ಸರಿಪಡಿಸಿಕೊಂಡರೆ ನಿಮ್ಮ ಬಲೆ ಚೆನ್ನಾಗಿದೆ. ಅವರು ಸೇರಿಸಿದ ತಪ್ಪು ಗುಂಪಿಗೆ ನೀವೂ ಆಕ್ಷೇಪಿಸಲಾಗದಂಥ ಕಾರಣ ಅವರ ಬಳಿ ಇದ್ದರೆ ಆ ಪದವನ್ನು ಬದಲಿಸಿ.